ಗುಡ್ಡದ ಮರೆಯ ಮನೆಗೆ ಯಾವ ಆಂಟೆನಾ?

ಮೊಬೈಲ್ ಸಿಮ್ ಹಾಕುವ ಮನೆ ರೂಟರಿಗೆ ಹೊರಗಿನ ಆಂಟೆನಾ ಕೂಡಿಸುವ ಬಗ್ಗೆ ಉತ್ತರ ಕನ್ನಡದ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ. ಘಟ್ಟದ ಮೇಲಿನ ತೋಟದ ಮನೆಯ ತೊಂದರೆ ಬೇರೆ, ಕರಾವಳಿಯದೇ ಬೇರೆ. ಹಾಗಾಗಿ ಪ್ರತಿ ಪ್ರಶ್ನೆಯ ಜೊತೆ ಊರಿನ ಹೆಸರು ಉಳಿಸಿಕೊಂಡಿದ್ದೇವೆ.

ಶಿರಸಿ ತಾಲೂಕು: ನಮ್ಮ ಮನೆ ಅಡಿಕೆ ತೋಟದ ತಲೆಯಲ್ಲಿದೆ, ಮೂರು ಕಡೆ ಗುಡ್ಡ. ಮನೆಯೊಳಗೆ ನೆಟ್‌ವರ್ಕ್ ಇಲ್ಲವೆಂದೇ ಹೇಳಬೇಕು. ಹಿಂದಿನ ಸೊಪ್ಪಿನ ಬೆಟ್ಟ ಹತ್ತಿದರೆ ಎರಡು ಕಡ್ಡಿ ಬರುತ್ತದೆ. ನಮ್ಮ 4ಜಿ ರೂಟರಿನ ಎರಡು ಆಂಟೆನಾಗಳನ್ನು ತಿರುಪಿ ತೆಗೆಯಬಹುದು. ಅಂಗಡಿಯವರು 35 ಡಿಬಿಐ ಆಂಟೆನಾ ತೋರಿಸಿದರು. ತಗೊಳ್ಳಬಹುದೇ?

ತಗೊಳ್ಳಬೇಡಿ. ಡಿಬಿಐ ಎಂದರೆ ಆಂಟೆನಾದ ಗೇನ್, ಅಂದರೆ ಒಂದು ದಿಕ್ಕಿನ ಸಿಗ್ನಲ್ಲನ್ನು ಅದು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದರ ಅಳತೆ. ಅದು ಆಂಟೆನಾದ ಗಾತ್ರದ ಮೇಲೆ ನಿಂತಿದೆ. 1800 ಮೆಗಾಹರ್ಟ್ಸ್‌ನಲ್ಲಿ ನಿಜವಾದ 35 ಡಿಬಿಐ ಸಿಗಬೇಕಾದರೆ ಏನಿಲ್ಲವೆಂದರೂ 3 ಮೀಟರ್ ಅಗಲದ ಡಿಶ್ ಬೇಕು. ಒಂದಡಿ ಚೌಕದ ಪ್ಯಾನೆಲ್‌ಗೆ ಲೆಕ್ಕದ ಪ್ರಕಾರ ಸಿಗಬಹುದಾದ ಗರಿಷ್ಠ ಗೇನೇ ಸುಮಾರು 16 ಡಿಬಿಐ, ಕೈಗೆ ಬರುವುದು ಅದಕ್ಕಿಂತ ಕಡಿಮೆ. ಅಂಗೈಯಷ್ಟು ದೊಡ್ಡ ಡಬ್ಬಿಯ ಮೇಲೆ 35 ಎಂದು ಬರೆದಿದ್ದರೆ ಆ ಮಾಲಿನ ಉಳಿದ ವಿವರಗಳನ್ನೂ ನಂಬಲಾಗದು.

ಕೊಳ್ಳುವ ಮೊದಲು ಒಂದು ಮಧ್ಯಾಹ್ನ ಅಳತೆಗೆ ಇಡಿ. ರೂಟರಿನ ಸಿಮ್ ಯಾವ ಕಂಪನಿಯದೋ ಅದೇ ಕಂಪನಿಯ ಸಿಮ್ ಇರುವ ಆಂಡ್ರಾಯ್ಡ್ ಫೋನಿಗೆ ನೆಟ್‌ಮಾನ್‌ಸ್ಟರ್‌ನಂಥ ಆ್ಯಪ್ ಹಾಕಿಕೊಳ್ಳಿ. ಕಡ್ಡಿಗಳನ್ನು ಮರೆತು ನಾಲ್ಕು ಸಂಗತಿ ಬರೆದುಕೊಳ್ಳಿ: ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್, ಬ್ಯಾಂಡ್ ಸಂಖ್ಯೆ, ಪಿಸಿಐ. ಮೊದಲನೆಯದು ಸಿಗ್ನಲ್ಲಿನ ಬಲ. ಅದು ಯಾವಾಗಲೂ ಮೈನಸ್‌ನಲ್ಲಿರುತ್ತದೆ: -85 ಒಳ್ಳೆಯದು, -100 ಬಡವು, -115 ದಾಟಿದರೆ ಸಂಪರ್ಕ ಬಂದು ಹೋಗಿ ಮಾಡುತ್ತದೆ. ಎರಡನೆಯದು ಸಿಗ್ನಲ್ಲಿನ ಶುದ್ಧಿ. 20ರ ಮೇಲಿದ್ದರೆ ಚೆನ್ನ, 10ರ ಆಸುಪಾಸು ಕೆಲಸಕ್ಕೆ ಸಾಕು, ಸೊನ್ನೆಗಿಂತ ಕೆಳಗಿದ್ದರೆ ಬಲ ಎಷ್ಟಿದ್ದರೂ ವೇಗ ಬರುವುದಿಲ್ಲ. ಪಿಸಿಐ ಎಂದರೆ ನಿಮಗೆ ಸಿಕ್ಕ ಟವರಿನ ಆ ಮುಖದ ಗುರುತು. ಅಂಗಳದ ನಾಲ್ಕು ಮೂಲೆ, ಮಾಡಿನ ಕೋಳು, ಕೊಟ್ಟಿಗೆಯ ಹಿಂದೆ, ಬೆಟ್ಟದ ಏರು, ಹೀಗೆ ಒಂದೊಂದು ಕಡೆಯೂ ಏರೋಪ್ಲೇನ್ ಮೋಡ್ ಹಾಕಿ ತೆಗೆದು ಎರಡು ನಿಮಿಷ ನಿಲ್ಲಿ. ಫೋನನ್ನು ಎಲ್ಲ ಕಡೆ ಒಂದೇ ರೀತಿ ಹಿಡಿಯಿರಿ. ತೋಟದ ಮನೆಗಳಲ್ಲಿ ಹತ್ತು ಹೆಜ್ಜೆ ಆಚೀಚೆ ಆದರೆ 10 ಡಿಬಿ ವ್ಯತ್ಯಾಸ ಬರುವುದು ಅಪರೂಪವಲ್ಲ. ಒಳ್ಳೆಯ ಆಂಟೆನಾ ದುಡ್ಡು ತೆಗೆದುಕೊಂಡು ಕೊಡುವುದೂ ಹೆಚ್ಚುಕಡಿಮೆ ಅಷ್ಟನ್ನೇ.

ಯಾವ ಆಂಟೆನಾ ಬೇಕೆಂದು ಬ್ಯಾಂಡ್ ಸಂಖ್ಯೆ ಹೇಳುತ್ತದೆ. ಬ್ಯಾಂಡ್ 5 ಅಂದರೆ 850 ಮೆಗಾಹರ್ಟ್ಸ್, 8 ಅಂದರೆ 900, 3 ಅಂದರೆ 1800, 1 ಅಂದರೆ 2100, 40 ಅಂದರೆ 2300. ಕೆಳಗಿನ ಬ್ಯಾಂಡು ಗುಡ್ಡದ ನೆತ್ತಿಯಲ್ಲಿ ಬಾಗಿ ಕೊಳ್ಳಕ್ಕೆ ಇಳಿಯುತ್ತದೆ, ಎಲೆಗಳ ನಡುವೆಯೂ ನುಸುಳುತ್ತದೆ. 2300ಕ್ಕೆ ಅದು ಕಷ್ಟ. ನಿಮ್ಮಂಥ ಜಾಗದಲ್ಲಿ ಬಹುಶಃ 850 ಅಥವಾ 900 ಸಿಗುತ್ತದೆ. ಅದರ ಪಾಲಿಗೆ ಬರುವ ತರಂಗಾಂತರದ ಅಗಲ ಕಡಿಮೆ. 10 ಮೆಗಾಹರ್ಟ್ಸ್ ಅಗಲದ 4ಜಿ ಎರಡು ಆಂಟೆನಾ ಸೇರಿ ಗರಿಷ್ಠ 75 ಎಂಬಿಪಿಎಸ್ ಕೊಡಬಲ್ಲದು, ಅದೂ ಇಡೀ ಊರು ಹಂಚಿಕೊಳ್ಳುವ ಲೆಕ್ಕ. ಇಷ್ಟು ತಿಳಿದು ಕೊಂಡರೆ ಆಮೇಲೆ ಬೇಸರವಿಲ್ಲ.

ನಿಮಗೆ ಹೊಂದುವುದು ಲಾಗ್ ಪೀರಿಯಾಡಿಕ್ ಆಂಟೆನಾ. ಉದ್ದದಿಂದ ಗಿಡ್ಡಕ್ಕೆ ಇಳಿಯುವ ಕಡ್ಡಿಗಳ ಸಾಲು ಅದರ ರೂಪ. 700ರಿಂದ 2700 ಮೆಗಾಹರ್ಟ್ಸ್‌ವರೆಗೆ ಒಂದರಲ್ಲೇ ನಡೆಯುತ್ತದೆ, ಪ್ರಾಮಾಣಿಕ ಗೇನ್ 9ರಿಂದ 10 ಡಿಬಿಐ. ಹೀಗಾಗಿ ನಾಳೆ ಸಿಮ್ ಬದಲಿಸಿದರೂ ಆಂಟೆನಾ ಬದಲಿಸಬೇಕಿಲ್ಲ. ಯಾಗಿ ಒಂದೇ ಬ್ಯಾಂಡಿಗೆ ಕಟ್ಟಿದ್ದು, ಆ ಅನುಕೂಲ ಇಲ್ಲ. 24 ಡಿಬಿಐ ಜಾಲರಿ ಡಿಶ್ ಟವರು ಕಣ್ಣಿಗೆ ಕಾಣುವ ಬಯಲಿಗೆ ಸರಿ. ಗುಡ್ಡ ದಾಟಿ ಚದುರಿ ಬರುವ ಸಿಗ್ನಲ್ಲಿಗೆ ಅದರ ನೋಟ ತೀರಾ ಕಿರಿದು.

ಎರಡು ಆಂಟೆನಾ ಬೇಕೇ ಬೇಕು. ರೂಟರ್ ಎರಡು ದಾರಿಯಲ್ಲಿ ಬೇರೆ ಬೇರೆ ದತ್ತಾಂಶ ತರಿಸಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಒಂದನ್ನು ಮಾಡಿನ ಮೇಲಿಟ್ಟು ಇನ್ನೊಂದನ್ನು ಒಳಗೇ ಬಿಟ್ಟರೆ ಒಂದು ಕಿವಿ ಮುಚ್ಚಿದ ಹಾಗೆ. ಎರಡನ್ನೂ ಒಂದೇ ದಿಕ್ಕಿಗೆ ನೋಡಿಸಿ, ಒಂದನ್ನು ಎಡಕ್ಕೆ 45 ಡಿಗ್ರಿ, ಇನ್ನೊಂದನ್ನು ಬಲಕ್ಕೆ 45 ಡಿಗ್ರಿ ವಾಲಿಸಿ, ನಡುವೆ ಅರ್ಧ ಮೀಟರಾದರೂ ಬಿಡಿ. ಇದೇ ಕೆಲಸವನ್ನು ಎರಡು ಕೇಬಲ್ ಹೊರಟ ಒಂದೇ ಮಿಮೋ (ಒಳಗೇ ಎರಡು ಆಂಟೆನಾ ಇರುವ) ಪ್ಯಾನೆಲ್ ಕೂಡ ಮಾಡುತ್ತದೆ. ಮಂಗಗಳ ಕಾಟ ಇರುವಲ್ಲಿ ಪ್ಯಾನೆಲ್ಲೇ ವಾಸಿ, ಜೋತುಬೀಳಲು ಕಡ್ಡಿಗಳಿರುವುದಿಲ್ಲ.

ಇನ್ನು ಕೇಬಲ್. ಹೆಚ್ಚಿನ ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲೇ. 1800 ಮೆಗಾಹರ್ಟ್ಸ್‌ನಲ್ಲಿ 10 ಮೀಟರ್ ಆರ್‌ಜಿ-58 ಕೇಬಲ್ 7ರಿಂದ 9 ಡಿಬಿ ತಿನ್ನುತ್ತದೆ. ಎಲ್‌ಎಂಆರ್-200 ಸುಮಾರು 5, ಎಲ್‌ಎಂಆರ್-400 ಸುಮಾರು 2. ಪ್ರತಿ 3 ಡಿಬಿಗೆ ಸಿಗ್ನಲ್ ಅರ್ಧಕ್ಕೆ ಇಳಿಯುತ್ತದೆ. 10 ಡಿಬಿಐ ಆಂಟೆನಾಕ್ಕೆ 10 ಮೀಟರ್ ಆರ್‌ಜಿ-58 ಕಟ್ಟಿದರೆ ಮಿಕ್ಕುವುದು ರೂಟರಿನ ಜೊತೆ ಬಂದ ಕೋಲು ಆಂಟೆನಾದಷ್ಟೇ ಗೇನ್, ಎತ್ತರದ ಲಾಭವಷ್ಟೇ ಉಳಿತಾಯ. ಕಳಿಸುವಾಗಲೂ ಇದೇ ನಷ್ಟ. ರೂಟರಿನ ಗರಿಷ್ಠ ಶಕ್ತಿಯೇ 200 ಮಿಲಿವ್ಯಾಟ್. ವಿಡಿಯೋ ಕರೆಯಲ್ಲಿ ನಿಮಗೆ ಅವರ ಮಾತು ಕೇಳಿ, ಅವರಿಗೆ ನಿಮ್ಮ ಮಾತು ತುಂಡಾಗುತ್ತಿದ್ದರೆ ಕಾರಣ ಇದೇ ಇರಬಹುದು. ಎಲ್‌ಎಂಆರ್-400 ಬೆರಳು ದಪ್ಪದ ಬಿರುಸು ಕೇಬಲ್. ಅದನ್ನು ನೇರ ರೂಟರಿಗೆ ಸಿಕ್ಕಿಸಿದರೆ ಭಾರಕ್ಕೆ ಸಾಕೆಟ್ಟೇ ಕಿತ್ತು ಬರುತ್ತದೆ. ಗೋಡೆಯಲ್ಲಿ ಎನ್ ಕನೆಕ್ಟರ್‌ಗೆ ನಿಲ್ಲಿಸಿ, ಅಲ್ಲಿಂದ ಅರ್ಧ ಮೀಟರ್ ಮೀರದ ತೆಳು ತುಂಡಿನಲ್ಲಿ ರೂಟರಿಗೆ ಒಯ್ಯಿರಿ.

ಆಂಟೆನಾ ಕೇಬಲ್ 10 ಮೀಟರ್ ಮೀರುತ್ತದೆ ಎಂದಾದರೆ ಲೆಕ್ಕ ತಿರುಗಿಸಿ: ಸಿಗ್ನಲ್ಲನ್ನು ರೂಟರಿಗೆ ಎಳೆಯುವ ಬದಲು ರೂಟರನ್ನೇ ಸಿಗ್ನಲ್ ಇರುವಲ್ಲಿಗೆ ಕಳಿಸಿ. ಮಳೆ ತಡೆಯುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ರೂಟರ್ ಇಟ್ಟು, ಅಲ್ಲಿಂದ ಮನೆಗೆ ಕ್ಯಾಟ್-6 ಕೇಬಲ್ ಹಾಕಿ ಒಳಗೊಂದು ಸಾದಾ ವೈಫೈ ರೂಟರ್ ಕೂಡಿಸಿ. ಲೋಹದ ಪೆಟ್ಟಿಗೆ ಬೇಡ. ಈಥರ್ನೆಟ್ 100 ಮೀಟರ್‌ವರೆಗೆ ನಷ್ಟವಿಲ್ಲದೆ ನಡೆಯುತ್ತದೆ. ನಿಮ್ಮ ಬೆಟ್ಟದ ಏರು ಅಷ್ಟರೊಳಗೆ ಇದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕರೆಂಟನ್ನೂ ಅದೇ ಕೇಬಲಿನಲ್ಲಿ ಕಳಿಸಬಹುದು, ಆದರೆ 12 ವೋಲ್ಟನ್ನು ನೇರ ಕಳಿಸಬೇಡಿ. 40 ಮೀಟರ್ ದೂರಕ್ಕೆ ಎರಡೂವರೆ ವೋಲ್ಟಿನಷ್ಟು ದಾರಿಯಲ್ಲೇ ಕರಗಿ, ರೂಟರ್ ತನ್ನಷ್ಟಕ್ಕೆ ಆಫ್ ಆಗಿ ಆನ್ ಆಗುತ್ತಿರುತ್ತದೆ. 48 ವೋಲ್ಟಿನ ಪಿಒಇ (ಈಥರ್ನೆಟ್ ಕೇಬಲಿನಲ್ಲೇ ಕರೆಂಟ್ ಕಳಿಸುವ) ಇಂಜೆಕ್ಟರ್ ಮನೆಯಲ್ಲಿ, 12 ವೋಲ್ಟಿಗೆ ಇಳಿಸುವ ಸ್ಪ್ಲಿಟರ್ ಪೆಟ್ಟಿಗೆಯಲ್ಲಿ ಇರಲಿ. ಕೇಬಲ್ ಪೂರ್ತಿ ತಾಮ್ರದ್ದೇ ಆಗಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗ, ಆದರೆ ಇಲ್ಲಿ ಸೋಲುತ್ತದೆ.

ಅಡಿಕೆ ಮರಕ್ಕೇ ಆಂಟೆನಾ ಕಟ್ಟುವವರಿದ್ದಾರೆ. ಗಾಳಿಗೆ ಮರ ತೂಗಿದಂತೆ ದಿಕ್ಕು ತಪ್ಪುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಕೊಳೆಮದ್ದು. ಬೋರ್ಡೋ ದ್ರಾವಣದ ತಾಮ್ರ ಅಲ್ಯೂಮಿನಿಯಂ ಕಡ್ಡಿಯನ್ನೂ ಜಿಐ ಕ್ಲಾಂಪನ್ನೂ ತಿನ್ನುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಅದನ್ನು ಕಲಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಒಂದೂವರೆ ಇಂಚಿನ ಜಿಐ ಪೈಪನ್ನು ಮನೆಯ ಗೋಡೆಗೆ ಎರಡು ಕಡೆ ಕ್ಲಾಂಪ್ ಹಾಕಿ ನಿಲ್ಲಿಸಿ. ತಗಡಿನ ಶೀಟಿನ ಮಾಡಾದರೆ ಆಂಟೆನಾ ಶೀಟಿನಿಂದ ಒಂದು ಮೀಟರಾದರೂ ಮೇಲಿರಬೇಕು, ಶೀಟಿನ ಕೆಳಗಂತೂ ಬೇಡವೇ ಬೇಡ.

ಕೊನೆಯ ಮಾತು: ಮಾರ್ಚಿನಲ್ಲಿ ಅಳೆದು -112ರಲ್ಲಿ ಹೇಗೋ ನಡೆಯಿತು ಎಂದು ಸಮಾಧಾನ ಪಡಬೇಡಿ. ಆಷಾಢದಲ್ಲಿ ನೆನೆದ ಸೊಪ್ಪು ಇನ್ನಷ್ಟು ಹೀರುತ್ತದೆ.

ಕುಮಟಾ: ಆಂಟೆನಾ ತಂದು ತಿರುಪಿದೆ. ಚೆನ್ನಾಗಿ ಕೂತಿತು. ಆದರೆ ಸಿಗ್ನಲ್ ಮೊದಲಿಗಿಂತ ಕಡಿಮೆ ಆಯಿತು. ಆಂಟೆನಾ ಹಾಳೇ?

ಕನೆಕ್ಟರಿನ ನಡುವೆ ನೋಡಿ. 4ಜಿ ಸಾಕೆಟ್ ಸಾಮಾನ್ಯವಾಗಿ ಎಸ್‌ಎಂಎ: ಹೊರಗೆ ಮರೆ (ತಿರುಪಿನ ಸುತ್ತು), ನಡುವೆ ಸಣ್ಣ ತೂತು. ಅದಕ್ಕೆ ನಡುವೆ ಸೂಜಿ ಇರುವ ಕನೆಕ್ಟರ್ ಬೇಕು. ವೈಫೈ ಆಂಟೆನಾಗಳದು ಆರ್‌ಪಿ-ಎಸ್‌ಎಂಎ, ಅದರಲ್ಲಿ ಸೂಜಿ ಮತ್ತು ತೂತು ಅದಲುಬದಲು. ಮರೆ ಎರಡಕ್ಕೂ ಒಂದೇ ಆದ್ದರಿಂದ ತೂತಿಗೆ ತೂತು ಎದುರಾಗಿ ಬಿಗಿಯಾಗಿ ಕೂರುತ್ತದೆ, ಒಳಗೆ ತಾಕುವುದೇ ಇಲ್ಲ. ಸೂಜಿಗೆ ಸೂಜಿ ಎದುರಾದರೆ ಒತ್ತಬೇಡಿ, ಸಾಕೆಟ್ ಹೋಗುತ್ತದೆ. ಜೇಬಿನಲ್ಲಿಡುವ ಹಾಟ್‌ಸ್ಪಾಟ್‌ಗಳಲ್ಲಿ ಟಿಎಸ್-9 ಅಥವಾ ಸಿಆರ್‌ಸಿ-9 ಎಂಬ ಚಿಕ್ಕ ತೂತು ಇರುತ್ತದೆ, ಅನೇಕದರಲ್ಲಿ ಅದೂ ಇಲ್ಲ. ಇಲ್ಲದ್ದಕ್ಕೆ ಹೊರ ಆಂಟೆನಾ ಕೂಡಿಸುವ ಯೋಚನೆ ಬಿಡಿ.

ಕನೆಕ್ಟರ್ ಸರಿ ಇದ್ದರೆ ಮುಂದೆ ಎರಡು ನೋಡಿ. ನಾಲ್ಕು ಕೋಲಿರುವ ರೂಟರಿನಲ್ಲಿ ಸಾಮಾನ್ಯವಾಗಿ ಎರಡು ಮಾತ್ರ 4ಜಿಯವು, ಉಳಿದವು ವೈಫೈಯವು. ಅಡಿಯಲ್ಲಿ ಎಲ್‌ಟಿಇ ಎಂದು ಬರೆದಿದೆಯೇ ನೋಡಿ. ಕೆಲವು ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಆಂಟೆನಾ ಒಳಗಿನದೋ ಹೊರಗಿನದೋ ಎಂಬ ಆಯ್ಕೆಯೂ ಇರುತ್ತದೆ. ಅದು ಆಟೋದಲ್ಲಿದ್ದರೆ ಹೊರಗಿನದಕ್ಕೆ ಬದಲಿಸಿ ರೀಸ್ಟಾರ್ಟ್ ಮಾಡಿ.

ಕಾರವಾರ, ಮಾಜಾಳಿ ಕಡೆ: ಕಡ್ಡಿ ತುಂಬಾ ಇದೆ, ವೇಗ ಮಾತ್ರ ಇಲ್ಲ. ಆಗಾಗ ಸಂಪರ್ಕ ಕಡಿದು ಮತ್ತೆ ಬರುತ್ತದೆ. ಇನ್ನೂ ದೊಡ್ಡ ಆಂಟೆನಾ ಹಾಕಲೇ?

ದೊಡ್ಡದು ಬೇಡ, ದಿಕ್ಕು ನೋಡುವಂಥದ್ದು ಬೇಕು. ಕಡಲು ಮತ್ತು ಕಾಳಿ ನದಿಯ ಅಳಿವೆಯ ಮೇಲೆ ಸಿಗ್ನಲ್ಲಿಗೆ ಅಡ್ಡಿ ಇಲ್ಲ. ದೂರದ ಟವರುಗಳೆಲ್ಲ ಹತ್ತಿರದವುಗಳ ಸಮಕ್ಕೆ ಕೇಳುತ್ತವೆ. 4ಜಿಯಲ್ಲಿ ಪಕ್ಕದ ಟವರುಗಳೂ ಅದೇ ತರಂಗಾಂತರ ಬಳಸುವುದರಿಂದ ಒಂದರ ಮಾತು ಇನ್ನೊಂದಕ್ಕೆ ಗದ್ದಲ. ಬಲ -80 ಇದ್ದು ಎಸ್‌ಐಎನ್‌ಆರ್ 2 ಎಂದು ತೋರಿಸುತ್ತಿದ್ದರೆ ನಿಮ್ಮದು ಇದೇ ತೊಂದರೆ. ಸುತ್ತಲೂ ಕೇಳುವ ಕೋಲಿನಂಥ ಆಮ್ನಿ ಆಂಟೆನಾವನ್ನು ಎತ್ತರಕ್ಕೆ ಏರಿಸಿದಷ್ಟೂ ಗದ್ದಲ ಹೆಚ್ಚುತ್ತದೆ.

ಮಿಮೋ ಪ್ಯಾನೆಲ್ ಒಂದನ್ನು ಟವರಿನ ಕಡೆಯ ಗೋಡೆಗೇ ಹಾಕಿ, ಹಿಂದಿನಿಂದ ಬರುವುದನ್ನು ಚಿರೇಕಲ್ಲಿನ ಗೋಡೆಯೇ ತಡೆಯಲಿ. ನಿಮ್ಮ ಸುತ್ತಲಿನ ಟವರುಗಳನ್ನು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದಲ್ಲಿ ನೋಡಬಹುದು. ರೂಟರಿನ ಪುಟ ತೆರೆದಿಟ್ಟು ಆಂಟೆನಾವನ್ನು 15 ಡಿಗ್ರಿಯಂತೆ ತಿರುಗಿಸುತ್ತ, ಪ್ರತಿ ಸಲ ಅರ್ಧ ನಿಮಿಷ ನಿಂತು ಎಸ್‌ಐಎನ್‌ಆರ್ ಬರೆದುಕೊಳ್ಳಿ. ಅದು ಎಲ್ಲಿ ಅತಿ ಹೆಚ್ಚೋ ಅಲ್ಲಿ ಬಿಗಿ ಮಾಡಿ. ಆರ್‌ಎಸ್‌ಆರ್‌ಪಿ ಅಲ್ಲಿ ಎರಡು ಮೂರು ಡಿಬಿ ಕಡಿಮೆ ಇದ್ದರೆ ಇರಲಿ. ಟವರಿಗೆ ನೇರ ಮುಖ ಮಾಡುವುದಕ್ಕಿಂತ ಸ್ವಲ್ಪ ಓರೆ ಇಟ್ಟಾಗ ಗದ್ದಲದ ಟವರು ಬದಿಗೆ ಸರಿದು ವೇಗ ಏರುವುದುಂಟು.

ಕಡಿದು ಬರುವುದಕ್ಕೆ ಗಡಿಯೂ ಕಾರಣ ಆಗಬಹುದು. ಮೊಬೈಲ್ ಸೇವೆಯ ಲೆಕ್ಕದಲ್ಲಿ ಗೋವಾ ಮಹಾರಾಷ್ಟ್ರ ವಲಯಕ್ಕೆ ಸೇರಿದ್ದು, ನಿಮ್ಮದು ಕರ್ನಾಟಕ ವಲಯ. ರೂಟರ್ ಒಮ್ಮೆ ಇಲ್ಲಿನದು, ಒಮ್ಮೆ ಅಲ್ಲಿನದು ಹಿಡಿದರೆ ಪ್ರತಿ ಬದಲಾವಣೆಗೂ ಸಂಪರ್ಕ ಹರಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ತಂದು ಕರ್ನಾಟಕದ್ದನ್ನು ಗಟ್ಟಿ ಮಾಡಿ, ಡೇಟಾ ರೋಮಿಂಗ್ ಆಫ್ ಇಡಿ.

ಇದೆಲ್ಲಕ್ಕೂ ಮೊದಲು ಬೆಳಿಗ್ಗೆ 6ಕ್ಕೆ ಮತ್ತು ರಾತ್ರಿ 9ಕ್ಕೆ ವೇಗ ಅಳೆಯಿರಿ. ಎರಡೂ ಹೊತ್ತು ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್ ಹೆಚ್ಚುಕಡಿಮೆ ಒಂದೇ ಇದ್ದು ವೇಗ ಮಾತ್ರ ರಾತ್ರಿ ಕುಸಿದರೆ ಟವರಿನಲ್ಲಿ ಜನ ಹೆಚ್ಚು. ಅದಕ್ಕೆ ಮದ್ದು ಬೇರೆ ಬ್ಯಾಂಡ್ ಅಥವಾ ಬೇರೆ ಕಂಪನಿ, ಆಂಟೆನಾ ಅಲ್ಲ.

ಹೊನ್ನಾವರ: ಹೋದ ವರ್ಷ ಹಾಕಿದ ಆಂಟೆನಾ ಚೆನ್ನಾಗಿತ್ತು. ಈ ಮಳೆಗಾಲದಲ್ಲಿ ದಿನ ಹೋದಂತೆ ಸಿಗ್ನಲ್ ಕುಂದುತ್ತಿದೆ.

ಒಮ್ಮೆಲೇ ಹೋಗದೆ ಸ್ವಲ್ಪಸ್ವಲ್ಪವಾಗಿ ಕುಂದಿದರೆ ಕೇಬಲಿಗೆ ನೀರು ಇಳಿದಿದೆ ಎಂದು ತಿಳಿಯಿರಿ. ಆಂಟೆನಾ ಕಡೆಯ ಕನೆಕ್ಟರ್ ಬಿಚ್ಚಿ, ಕೇಬಲಿನ ಹೊರ ಸಿಪ್ಪೆಯನ್ನು ಒಂದು ಇಂಚು ಸುಲಿಯಿರಿ. ಹೆಣೆದ ತಂತಿ ಹೊಳೆಯುವ ಬದಲು ಕಪ್ಪಾಗಿದ್ದರೆ, ಹಸಿರು ಪುಡಿ ಕಂಡರೆ ಆ ಭಾಗ ಸತ್ತಿದೆ. ಹೊಳೆಯುವ ತಂತಿ ಸಿಗುವವರೆಗೆ ಕತ್ತರಿಸುತ್ತ ಹೋಗಿ. ಅರ್ಧ ಮೀಟರ್ ಹೋದರೂ ಸಿಗದಿದ್ದರೆ ಕೇಬಲ್ಲನ್ನೇ ಬದಲಿಸಿ, ಹೆಣಿಗೆ ದಾರದಂತೆ ನೀರು ಎಳೆದುಕೊಂಡಿರುತ್ತದೆ.

ಹೊಸದಾಗಿ ಕೂಡಿಸುವಾಗ ಕನೆಕ್ಟರ್ ಕೆಳಮುಖವಾಗಿರಲಿ. ಮೊದಲು ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಅದರ ಅಗಲ ಅರ್ಧ ಆಗುವಷ್ಟು ಎಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಿ. ಹಂಚಿನ ಸಾಲಿನಂತೆ ಮೇಲಿನ ಸುತ್ತು ಕೆಳಗಿನದರ ಮೇಲೆ ಬರಬೇಕು. ಅದರ ಮೇಲೆ ಬಿಸಿಲು ತಡೆಯಲು ಕಪ್ಪು ಪಿವಿಸಿ ಟೇಪ್. ಬರಿಯ ಪಿವಿಸಿ ಟೇಪ್ ಒಂದು ಬೇಸಿಗೆಗೆ ಬಿಚ್ಚಿಕೊಳ್ಳುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಗೋಡೆಯ ತೂತಿಗೆ ಹೋಗುವ ಮೊದಲು ಕೇಬಲನ್ನು ತೂತಿಗಿಂತ ಕೆಳಗೆ ಒಮ್ಮೆ ಬಾಗಿಸಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ. ತೂತನ್ನು ಹೊರಗಡೆಗೆ ಇಳಿಜಾರಾಗಿ ಕೊರೆಯಿರಿ.

ಉಪ್ಪುಗಾಳಿಗೆ ಜಿಐ ಯು-ಬೋಲ್ಟ್ ಬೇಗ ತುಕ್ಕು ಹಿಡಿದು ಜಾಮ್ ಆಗುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ, ಕಡಲ ದಂಡೆಯಲ್ಲೇ ಮನೆಯಿದ್ದರೆ 316. ಕಡ್ಡಿಗಳು ಹೊರಗೆ ಕಾಣುವ ಆಂಟೆನಾಕ್ಕಿಂತ ಪ್ಲಾಸ್ಟಿಕ್ ಹೊದಿಕೆಯ ಪ್ಯಾನೆಲ್ ಕರಾವಳಿಯಲ್ಲಿ ಹೆಚ್ಚು ಬಾಳುತ್ತದೆ. ಪ್ಯಾನೆಲ್ಲಿನ ಕೆಳ ಅಂಚಿನ ಸಣ್ಣ ತೂತುಗಳನ್ನು ಮುಚ್ಚಬೇಡಿ, ಒಳಗಿನ ತೇವ ಹೊರಬೀಳುವುದು ಅಲ್ಲಿಂದಲೇ.

ಯಲ್ಲಾಪುರ: ಸಿಡಿಲಿಗೆ ಏನು ಮಾಡಬೇಕು?

ನೇರ ಬಡಿದ ಸಿಡಿಲನ್ನು ಮನೆಮಟ್ಟದ ಯಾವ ಸಾಧನವೂ ತಡೆಯದು. ಹತ್ತಿರದಲ್ಲಿ ಬಿದ್ದಾಗ ತಂತಿಯಲ್ಲಿ ಹುಟ್ಟುವ ಹೊಡೆತವನ್ನು ತಗ್ಗಿಸಬಹುದು, ಅಷ್ಟೆ. ಕಂಬದ ಬುಡದಿಂದ 16 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರದ ತಂತಿಯನ್ನು ಆದಷ್ಟು ನೇರವಾಗಿ ಅರ್ತ್ ಗುಂಡಿಗೆ ಇಳಿಸಿ. ಆ ಗುಂಡಿಯನ್ನು ಮನೆಯ ಅರ್ತಿನೊಂದಿಗೆ ಜೋಡಿಸಬೇಕು. ಎರಡು ಬೇರೆಬೇರೆ ಉಳಿದರೆ ಸಿಡಿಲಿನ ಹೊತ್ತಿಗೆ ಅವುಗಳ ನಡುವಿನ ವೋಲ್ಟೇಜ್ ರೂಟರಿನ ಮೂಲಕವೇ ಹರಿಯುತ್ತದೆ. ಎರಡು ಕೇಬಲಿಗೂ ಹೊಡೆತವನ್ನು ಅರ್ತಿಗೆ ಹರಿಸುವ ಗ್ಯಾಸ್ ಟ್ಯೂಬ್ ಅರೆಸ್ಟರ್ ಒಂದೊಂದು ಹಾಕಿ, ಅದರ ಬೋಲ್ಟಿಗೂ ಅರ್ತ್ ಕೊಡಿ. ಅರ್ತ್ ಕೊಡದ ಅರೆಸ್ಟರ್ ಬರಿಯ ಕನೆಕ್ಟರ್. ಏಪ್ರಿಲ್-ಮೇ ಹೊತ್ತಿಗೆ ಒಣ ಚಿರೇಕಲ್ಲು ನೆಲದಲ್ಲಿ ಅರ್ತ್ ಹಿಡಿಯುವುದಿಲ್ಲ, ಗುಡುಗಿನ ದಿನಗಳೂ ಅವೇ. ಗುಂಡಿಗೆ ನೀರು ಹಾಕುತ್ತಿರಿ.

ಮೋಡ ಕಟ್ಟುವಾಗಲೇ ಅಡಾಪ್ಟರ್, ಆಂಟೆನಾ ಕೇಬಲ್, ಈಥರ್ನೆಟ್ ಮೂರನ್ನೂ ಬಿಡಿಸಿ. ಗುಡುಗು ಶುರುವಾದ ಮೇಲೆ ಕೇಬಲ್ ಮುಟ್ಟಬೇಡಿ, ರೂಟರ್ ಹೋದರೆ ಹೋಗಲಿ. ಕಂಬ ಎತ್ತುವಾಗ ಕರೆಂಟ್ ತಂತಿ ಎಷ್ಟು ದೂರ ಇದೆ ಎಂದು ಮೊದಲು ನೋಡಿ. ಕಂಬ ಜಾರಿ ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಲೇಬೇಕು.

ಜೋಯಿಡಾ: ಆಂಟೆನಾ ಬದಲು ಸಿಗ್ನಲ್ ಬೂಸ್ಟರ್ ಹಾಕಿದರೆ?

ಬೇಡ. ಪರವಾನಗಿ ಇಲ್ಲದೆ ಮೊಬೈಲ್ ಬೂಸ್ಟರ್ ಇಡುವುದು ನಮ್ಮ ದೇಶದಲ್ಲಿ ಅಪರಾಧ. ಅದು ಟವರಿಗೆ ಕಳಿಸುವ ಗದ್ದಲದಿಂದ ಸುತ್ತಲ ಮನೆಗಳ ಸಂಪರ್ಕವೂ ಕೆಡುತ್ತದೆ. ರೂಟರಿಗೆ ಕೂಡಿಸುವ ಆಂಟೆನಾ ಯಾವುದನ್ನೂ ವರ್ಧಿಸುವುದಿಲ್ಲ, ಅದಕ್ಕೆ ಈ ತಕರಾರು ಇಲ್ಲ.

ಅಂಕೋಲಾ: ಬಿಎಸ್‌ಎನ್‌ಎಲ್ 4ಜಿಗೆ ಮತ್ತು ಮುಂದೆ 5ಜಿಗೆ ಈಗಿನ ಆಂಟೆನಾ ಸಾಕೇ?

ಬಿಎಸ್‌ಎನ್‌ಎಲ್ 4ಜಿ 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ಮತ್ತು 2100ರಲ್ಲಿದೆ. ಬ್ಯಾಂಡ್ 28 ಶುರುವಾಗುವುದು 703ರಿಂದ. ಪೆಟ್ಟಿಗೆಯ ಮೇಲೆ 698 ಅಥವಾ 700ರಿಂದ ಎಂದಿದ್ದರೆ ಸರಿ, 800ರಿಂದ ಎಂದಿದ್ದರೆ ಸಾಲದು. ಹಳೆಯ ರೂಟರುಗಳಿಗೆ ಬ್ಯಾಂಡ್ 28 ಗೊತ್ತೇ ಇರುವುದಿಲ್ಲ. ಅದನ್ನು ಮೊದಲು ನೋಡಿ, ಆಮೇಲೆ ಆಂಟೆನಾ. 5ಜಿಯ ಮುಖ್ಯ ಬ್ಯಾಂಡು 3300 ಮೆಗಾಹರ್ಟ್ಸ್ ಮೇಲಿನದು, 2700ಕ್ಕೆ ಮುಗಿಯುವ ಆಂಟೆನಾ ಅದಕ್ಕೆ ಆಗದು. ಕೇಬಲ್ ನಷ್ಟವೂ ಅಲ್ಲಿ ಇನ್ನೂ ಹೆಚ್ಚು. ಕಂಪನಿಯವರೇ ಮಾಡಿನ ಮೇಲೆ ಹಾಕಿಕೊಡುವ ಏರ್‌ಫೈಬರ್ ಪೆಟ್ಟಿಗೆಯಲ್ಲಿ ಆಂಟೆನಾ, ರೇಡಿಯೋ ಎರಡೂ ಒಟ್ಟಿಗಿದ್ದು ಕೆಳಗೆ ಈಥರ್ನೆಟ್ ಮಾತ್ರ ಬರುತ್ತದೆ. ನಿಮ್ಮೂರಿಗೆ ಅದು ಬಂದಿದ್ದರೆ ಅದನ್ನೇ ತಗೊಳ್ಳಿ. ಓಣಿಗೆ ಫೈಬರ್ ಬಂದಿದ್ದರೆ ಎರಡನೇ ಯೋಚನೆ ಬೇಡ, ಫೈಬರ್ ಹಾಕಿಸಿ.

ಸಿದ್ದಾಪುರ: ಕರೆಂಟ್ ಹೋದಾಗ ಏನು ಮಾಡಬಹುದು?

ರೂಟರಿಗೆ 12 ವೋಲ್ಟಿನ ಮಿನಿ ಯುಪಿಎಸ್ ಸಾಕು. 10,000 ಎಂಎಎಚ್ ಎಂದು ಬರೆದಿದ್ದರೆ ಒಳಗಿನ ಸೆಲ್ಲಿನ 3.7 ವೋಲ್ಟಿಗೆ ಗುಣಿಸಿ: 37 ವ್ಯಾಟ್-ಅವರ್. 8 ವ್ಯಾಟಿನ ರೂಟರಿಗೆ ನಷ್ಟ ಕಳೆದು ನಾಲ್ಕು ತಾಸು. ರೂಟರಿನ ಅಡಾಪ್ಟರಿನಲ್ಲಿ ಎಷ್ಟು ಆಂಪಿಯರ್ ಎಂದಿದೆಯೋ ಯುಪಿಎಸ್ ಅಷ್ಟು ಕೊಡಬೇಕು. ಆದರೆ ಟವರಿನ ಬ್ಯಾಟರಿಯೇ ಮುಗಿದರೆ ನಿಮ್ಮ ಸಾಧನಗಳಿಂದ ಏನೂ ಆಗದು. ಅದಕ್ಕೆ ಬೇರೆ ಕಂಪನಿಯ ಸಿಮ್ ಒಂದು ಇಟ್ಟುಕೊಂಡು, ಆ ಟವರಿನ ದಿಕ್ಕನ್ನು ಬೇಸಿಗೆಯಲ್ಲೇ ಹುಡುಕಿಡಿ. ಕಂಬವನ್ನು ಬುಡದಲ್ಲಿ ಹಿಡಿದು ತಿರುಗಿಸಲು ಬರುವಂತೆ ಕ್ಲಾಂಪ್ ಹಾಕಿಸಿ, ಎರಡೂ ದಿಕ್ಕಿಗೆ ಪೈಪಿನ ಮೇಲೆ ಬೇರೆ ಬೇರೆ ಬಣ್ಣದ ಗೆರೆ ಎಳೆದಿಡಿ. ಆಗ ಗುಡುಗಿಲ್ಲದ ಹೊತ್ತು ನೋಡಿ ನೆಲದ ಮೇಲೆ ನಿಂತೇ ತಿರುಗಿಸಬಹುದು.